ಮೊದಲ ಷೇರು ಕೊಂಡು ಮಾರುವುದು ಹೇಗೆ: ಖಾತೆಯಿಂದ ತೆರಿಗೆಯವರೆಗೆ, ಹಂತ ಹಂತವಾಗಿ

ಬೆಳಿಗ್ಗೆ ಕೊಂಡ ಷೇರು ಮಧ್ಯಾಹ್ನ ತಾನಾಗಿಯೇ ಮಾರಾಟವಾಗಿಬಿಟ್ಟಿದೆ. ಬೆಲೆ ಬಿದ್ದರೆ ಮಾತ್ರ ಮಾರಲಿ ಎಂದು ಹಾಕಿಟ್ಟ ಆರ್ಡರ್ ಆ ಕ್ಷಣವೇ ಪೂರ್ತಿಯಾಗಿದೆ. ಮಾರಿದ ದುಡ್ಡು ಬ್ಯಾಂಕಿಗೆ ಬರುತ್ತಿಲ್ಲ. ಷೇರು ಮಾರುಕಟ್ಟೆಗೆ ಹೊಸದಾಗಿ ಬಂದವರು ಮತ್ತೆ ಮತ್ತೆ ಕೇಳುವುದು ಇವನ್ನೇ. ಕಂಪನಿ ಒಳ್ಳೆಯದಾ ಕೆಟ್ಟದಾ ಅನ್ನುವುದಕ್ಕೂ ಈ ತೊಂದರೆಗಳಿಗೂ ಸಂಬಂಧವೇ ಇಲ್ಲ. ಎಲ್ಲವೂ ಗುಂಡಿ ಒತ್ತುವ ಹೊತ್ತಿನ ತಪ್ಪುಗಳು.

ಹಾಗಾಗಿ ಯಾವ ಷೇರು ಕೊಳ್ಳಬೇಕು ಅನ್ನುವ ವಿಷಯಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಕೊಳ್ಳುವ, ಮಾರುವ ಕೆಲಸ ಹೇಗೆ ನಡೆಯುತ್ತದೆ, ಯಾವುದು ಮೊದಲು, ಯಾವುದು ಆಮೇಲೆ, ಜನ ಎಲ್ಲಿ ಎಡವುತ್ತಾರೆ ಎಂಬುದಷ್ಟೇ ಇಲ್ಲಿರುವುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಷೇರು ಬ್ರೋಕರ್‌ನ ಆ್ಯಪ್‌ನಲ್ಲಿ ಇರುವುದಿಲ್ಲ. ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್ ಎಂಬ ಎರಡು ಡಿಪಾಸಿಟರಿಗಳಲ್ಲಿ (ಷೇರುಗಳನ್ನು ಕಂಪ್ಯೂಟರ್ ದಾಖಲೆಯಾಗಿ ಇಟ್ಟುಕೊಳ್ಳುವ ಸಂಸ್ಥೆಗಳು) ಒಂದರಲ್ಲಿ, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ ಇರುತ್ತದೆ. ಆ್ಯಪ್ ಅದನ್ನು ತೋರಿಸುತ್ತದೆ ಅಷ್ಟೇ. ಆದ್ದರಿಂದ ಪ್ರತಿ ಹಂತ ಮುಗಿದ ಮೇಲೂ ಆ್ಯಪ್‌ನಿಂದ ಹೊರಗೆ ಬಂದು ಒಮ್ಮೆ ತಾಳೆ ನೋಡಿ. ಈ ಅಭ್ಯಾಸ ಇದ್ದರೆ ಮುಂದೆ ಹೇಳುವ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಮೋಸಗಳಂತೂ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತವೆ.

## ಮೊದಲು ಕೈಯಲ್ಲಿ ಇರಬೇಕಾದ್ದು

ಪ್ಯಾನ್, ಅದಕ್ಕೆ ಜೋಡಿಸಿದ ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ, ನೀವೇ ತೆರೆದು ನೋಡುವ ಇಮೇಲ್. ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದಿರುತ್ತದೆ. ಅರ್ಜಿ ವಾಪಸ್ ಬರುವುದಕ್ಕೆ ಅಷ್ಟು ಸಾಕು.

ಮೊಬೈಲ್ ಮತ್ತು ಇಮೇಲ್ ನಿಮ್ಮದೇ ಇರಲಿ. ಮಗನದ್ದೋ ಏಜೆಂಟನದ್ದೋ ಕೊಡಬೇಡಿ. ಒಟಿಪಿ ಯಾರಿಗೆ ಹೋಗುತ್ತದೋ ಖಾತೆ ಅವರ ಕೈಯಲ್ಲಿದೆ ಎಂದೇ ಅರ್ಥ.

## 1. ಬ್ರೋಕರ್ ಆರಿಸುವುದು

ನೀವು ನೇರವಾಗಿ ಎಕ್ಸ್‌ಚೇಂಜಿಗೆ, ಅಂದರೆ ಷೇರು ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇಗೋ ಬಿಎಸ್‌ಇಗೋ ಹೋಗಿ ಷೇರು ಕೊಳ್ಳಲು ಆಗುವುದಿಲ್ಲ. ನಡುವೆ ಸೆಬಿಯಲ್ಲಿ (ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ) ನೋಂದಣಿಯಾದ ಬ್ರೋಕರ್ ಬೇಕು. ಬ್ರೋಕರ್‌ನ ನೋಂದಣಿ ಸಂಖ್ಯೆ ‘ಐಎನ್‌ಜೆಡ್’ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತದೆ. ಆ ಸಂಖ್ಯೆಯನ್ನು ಬ್ರೋಕರ್‌ನ ವೆಬ್‌ಸೈಟಿನಿಂದ ತೆಗೆದುಕೊಂಡು ಸೆಬಿಯ ವೆಬ್‌ಸೈಟಿನಲ್ಲಿ ಹುಡುಕಿ. ಹೆಸರು, ವಿಳಾಸ ಎರಡೂ ಕೂಡಬೇಕು.

ಬ್ರೋಕರೇಜ್ ಕಡಿಮೆ ಇದ್ದರೆ ಒಳ್ಳೆಯದೇ. ಆದರೆ ಬರೀ ಅದನ್ನೇ ನೋಡಬೇಡಿ. ವರ್ಷದ ಡಿಮ್ಯಾಟ್ ಶುಲ್ಕ ಎಷ್ಟು, ಮಾರುವಾಗ ಡಿಮ್ಯಾಟ್‌ನಿಂದ ಷೇರು ಹೊರಗೆ ಹೋಗುವುದಕ್ಕೆ ಹಿಡಿಯುವ ಡಿಪಿ ಶುಲ್ಕ ಎಷ್ಟು, ಫೋನ್ ಮಾಡಿದರೆ ಮನುಷ್ಯರು ಎತ್ತುತ್ತಾರಾ, ಇವನ್ನೂ ಕೇಳಿ. ಒಂದೇ ಡಿಮ್ಯಾಟ್ ಇಟ್ಟುಕೊಂಡು, ಅದರಲ್ಲಿ 4 ಲಕ್ಷ ರೂಪಾಯಿಗಿಂತ ಕಡಿಮೆ ಮೌಲ್ಯದ ಷೇರು ಇರುವವರಿಗೆ ‘ಬೇಸಿಕ್ ಸರ್ವಿಸಸ್ ಡಿಮ್ಯಾಟ್’ ಎಂಬ ಖಾತೆ ಇದೆ. 2024ರ ಸೆಪ್ಟೆಂಬರ್‌ನಿಂದ ಅದಕ್ಕೆ ವರ್ಷದ ಶುಲ್ಕವೇ ಇಲ್ಲ. ಹೊಸಬರಿಗೆ ಇದು ಸಾಕೋ ಸಾಕು.

## 2. ಖಾತೆ ತೆರೆಯುವಾಗ ನಿಂತು ಓದಬೇಕಾದ ಜಾಗಗಳು

ಫಾರಂ ತುಂಬುವುದು ಈಗ ಅರ್ಧ ಗಂಟೆಯ ಕೆಲಸ. ಆತುರದಲ್ಲಿ ಎಲ್ಲಾ ಟಿಕ್ ಹಾಕಿ ಮುಂದೆ ಹೋಗುವುದೇ ತಪ್ಪು. ಮೂರು ಕಡೆ ನಿಲ್ಲಿ.

ಮೊದಲನೆಯದು ಸೆಗ್ಮೆಂಟ್, ಅಂದರೆ ಯಾವ ಬಗೆಯ ವಹಿವಾಟು ಎಂಬ ಆಯ್ಕೆ. ‘ಈಕ್ವಿಟಿ’ ಒಂದಕ್ಕೆ ಟಿಕ್ ಹಾಕಿ. ಷೇರಿನ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದಗಳಾದ ಫ್ಯೂಚರ್ಸ್, ಆಪ್ಷನ್ಸ್ ಬೇಡ. ವೈಯಕ್ತಿಕವಾಗಿ ಅದರಲ್ಲಿ ವಹಿವಾಟು ಮಾಡಿದವರಲ್ಲಿ ಶೇ 93ರಷ್ಟು ಮಂದಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನಷ್ಟ ಮಾಡಿಕೊಂಡರು ಎಂದು ಸೆಬಿಯ ಅಧ್ಯಯನವೇ ಹೇಳಿದೆ. ಬಾಗಿಲು ತೆರೆದಿಟ್ಟರೆ ಒಂದು ದಿನ ಒಳಗೆ ಕಾಲಿಡುವ ಮನಸ್ಸಾಗುತ್ತದೆ, ಮುಚ್ಚಿಯೇ ಇರಲಿ.

ಎರಡನೆಯದು ಡಿಡಿಪಿಐ. ನೀವು ಷೇರು ಮಾರಿದಾಗ ಪ್ರತಿ ಸಲ ನಿಮ್ಮ ಒಟಿಪಿ ಕೇಳದೆ ಡಿಮ್ಯಾಟ್‌ನಿಂದ ಷೇರು ತೆಗೆಯಲು ಬ್ರೋಕರ್‌ಗೆ ಕೊಡುವ ಅನುಮತಿ ಇದು. ಮೊದಲು ಇದೇ ಜಾಗದಲ್ಲಿ ಪವರ್ ಆಫ್ ಅಟಾರ್ನಿ ಇತ್ತು. 2019ರಲ್ಲಿ ಕಾರ್ವಿ ಬ್ರೋಕಿಂಗ್ ಸಂಸ್ಥೆ ಗ್ರಾಹಕರ ಷೇರುಗಳನ್ನೇ ಅಡವಿಟ್ಟು ಸಾಲ ತಂದ ಪ್ರಕರಣ ಬಯಲಾಯಿತಲ್ಲ, ಆಮೇಲೆ ನಿಯಮಗಳು ಬಿಗಿಯಾದವು. ಡಿಡಿಪಿಐ ಕಡ್ಡಾಯವಲ್ಲ. ತಿಂಗಳಿಗೊಮ್ಮೆ ಮಾರುವವರಿಗೆ ಅದರ ಅಗತ್ಯವೂ ಇಲ್ಲ. ಒಟಿಪಿ ಹಾಕುವ ಒಂದು ನಿಮಿಷದ ಕೆಲಸ ನಿಮ್ಮ ಷೇರಿಗೆ ಕಾವಲು ಎಂದುಕೊಳ್ಳಿ.

ಮೂರನೆಯದು ನಾಮಿನಿ. ‘ಆಮೇಲೆ’ ಎಂದು ದಾಟಬೇಡಿ. ನಾಮಿನಿ ಇಲ್ಲದಿದ್ದರೆ ಮನೆಯವರು ಆಮೇಲೆ ಉತ್ತರಾಧಿಕಾರದ ದಾಖಲೆಗಾಗಿ ಅಲೆಯಬೇಕಾಗುತ್ತದೆ.

ಹೊರದೇಶದಲ್ಲಿ ಇರುವ ಕನ್ನಡಿಗರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ತೆರೆದ ಡಿಮ್ಯಾಟನ್ನು ದುಬೈಗೋ ಅಮೆರಿಕಕ್ಕೋ ಹೋದ ಮೇಲೂ ಹಾಗೇ ಬಳಸುವಂತಿಲ್ಲ. ಎನ್‌ಆರ್‌ಐ ಆದ ಮೇಲೆ ಬ್ಯಾಂಕ್ ಖಾತೆ, ಡಿಮ್ಯಾಟ್ ಎರಡರ ಸ್ವರೂಪವನ್ನೂ ಬದಲಿಸಬೇಕು. ಎನ್‌ಆರ್‌ಐಗಳಿಗೆ ಅವತ್ತೇ ಕೊಂಡು ಅವತ್ತೇ ಮಾರುವ ಇಂಟ್ರಾಡೇ ವಹಿವಾಟಿಗೆ ಅವಕಾಶವೂ ಇಲ್ಲ.

ಖಾತೆ ತೆರೆದ ದಿನವೇ ಮಾಡುವ ಕೆಲಸ ಒಂದಿದೆ, ಬಹಳ ಜನ ಇದನ್ನು ಮಾಡುವುದೇ ಇಲ್ಲ. ನಿಮ್ಮ ಡಿಮ್ಯಾಟ್ ಸಂಖ್ಯೆ ನೋಡಿ. ಹದಿನಾರೂ ಅಂಕಿಗಳೇ ಆಗಿದ್ದರೆ ಸಿಡಿಎಸ್‌ಎಲ್. ‘ಐಎನ್’ ಎಂದು ಶುರುವಾಗಿ ಹದಿನಾಲ್ಕು ಅಂಕಿ ಇದ್ದರೆ ಎನ್‌ಎಸ್‌ಡಿಎಲ್. ಆಯಾ ಡಿಪಾಸಿಟರಿಯ ವೆಬ್‌ಸೈಟಿನಲ್ಲಿ ನಿಮ್ಮದೇ ಲಾಗಿನ್ ಮಾಡಿಕೊಳ್ಳಿ. ಸಿಡಿಎಸ್‌ಎಲ್‌ನಲ್ಲಿ ಅದರ ಹೆಸರು ‘ಈಸಿ’, ಎನ್‌ಎಸ್‌ಡಿಎಲ್‌ನಲ್ಲಿ ‘ಐಡಿಯಾಸ್’. ಬ್ರೋಕರ್ ನಾಳೆ ಅಂಗಡಿ ಮುಚ್ಚಿದರೂ ನಿಮ್ಮ ಷೇರು ಎಷ್ಟಿದೆ ಎಂದು ಇಲ್ಲಿ ನೋಡಬಹುದು.

## 3. ಹಣ ಹಾಕುವುದು

ಜೋಡಿಸಿದ ನಿಮ್ಮ ಬ್ಯಾಂಕ್ ಖಾತೆಯಿಂದಲೇ ಹಾಕಬೇಕು. ಹೆಂಡತಿಯ ಖಾತೆಯಿಂದ, ಗೆಳೆಯನ ಯುಪಿಐನಿಂದ ಹಾಕಿದರೆ ಬ್ರೋಕರ್ ಅದನ್ನು ಒಪ್ಪುವುದಿಲ್ಲ. ವಾಪಸ್ ಬರಲು ದಿನಗಳು ಹಿಡಿಯಬಹುದು. ಹಿಂದೆ ಪಡೆಯುವಾಗಲೂ ಅಷ್ಟೇ, ಅದೇ ಖಾತೆಗೆ ಮಾತ್ರ ಬರುತ್ತದೆ.

2025ರ ಅಕ್ಟೋಬರ್‌ನಿಂದ ಸೆಬಿ ನೋಂದಾಯಿತ ಬ್ರೋಕರ್‌ಗಳಿಗೆ ವಿಶೇಷ ಯುಪಿಐ ವಿಳಾಸ ಬಂದಿದೆ. ಅದರಲ್ಲಿ ‘ವ್ಯಾಲಿಡ್’ ಎಂಬ ಪದ ಇರುತ್ತದೆ. ಆ ವಿಳಾಸವನ್ನಾಗಲಿ ಬ್ಯಾಂಕ್ ಖಾತೆಯ ಸಂಖ್ಯೆಯನ್ನಾಗಲಿ ‘ಸೆಬಿ ಚೆಕ್’ ಎಂಬ ಸೌಲಭ್ಯದಲ್ಲಿ ಹಾಕಿ ಪರೀಕ್ಷಿಸಬಹುದು.

ಬಳಸದೆ ಬಿಟ್ಟ ಹಣವನ್ನು ಬ್ರೋಕರ್ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನಿಮ್ಮ ಬ್ಯಾಂಕಿಗೆ ಮರಳಿಸಲೇಬೇಕು. ‘ನನ್ನ ದುಡ್ಡು ಆ್ಯಪ್‌ನಿಂದ ಮಾಯ’ ಎಂದು ಗಾಬರಿಯಾಗುವ ಮೊದಲು ಪಾಸ್‌ಬುಕ್ ನೋಡಿ.

## 4. ಷೇರಿನ ಪುಟದಲ್ಲಿ ಏನು ನೋಡಬೇಕು

ಹೆಸರು ಹುಡುಕಿದಾಗ ಒಂದೇ ಗುಂಪಿನ ನಾಲ್ಕು ಕಂಪನಿಗಳು ಬರಬಹುದು. ಸುದ್ದಿಯಲ್ಲಿ ಕೇಳಿದ್ದು ಒಂದು, ಕೊಂಡಿದ್ದು ಇನ್ನೊಂದು ಆಗುವುದು ಇಲ್ಲೇ. ಪೂರ್ತಿ ಹೆಸರು ಓದಿ, ಸಿಂಬಲ್ (ಎಕ್ಸ್‌ಚೇಂಜಿನಲ್ಲಿ ಅದರ ಕಿರುಹೆಸರು) ನೋಡಿ.

ಆಮೇಲೆ ‘ಮಾರ್ಕೆಟ್ ಡೆಪ್ತ್’ ತೆರೆಯಿರಿ. ಎಡಗಡೆ ಕೊಳ್ಳುವವರ ಐದು ಬೆಲೆ, ಬಲಗಡೆ ಮಾರುವವರ ಐದು ಬೆಲೆ, ಪಕ್ಕದಲ್ಲಿ ಎಷ್ಟೆಷ್ಟು ಷೇರು ಎಂದು ಇರುತ್ತದೆ. ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆ ಕೊನೆಯ ಬಾರಿ ಯಾರೋ ಕೊಂಡ ಬೆಲೆ. ನಿಮಗೆ ಸಿಗುವುದು ಬಲಗಡೆಯ ಬೆಲೆ. ಎರಡೂ ಒಂದೇ ಆಗಿರಬೇಕಿಲ್ಲ.

ಸರ್ಕ್ಯೂಟ್ ಮಿತಿಯನ್ನೂ ನೋಡಿ. ಬಹಳಷ್ಟು ಷೇರುಗಳು ಒಂದು ದಿನದಲ್ಲಿ ಶೇ 2, 5, 10 ಅಥವಾ 20ಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತಿಲ್ಲ. ಕೆಳಗಿನ ಸರ್ಕ್ಯೂಟ್ ಮುಟ್ಟಿದ ಷೇರಿನಲ್ಲಿ ಎಡಗಡೆ ಖಾಲಿ, ಕೊಳ್ಳುವವರೇ ಇಲ್ಲ. ನೀವು ಮಾರಬೇಕೆಂದರೂ ಆಗುವುದಿಲ್ಲ. ದಿನಗಟ್ಟಲೆ ಹೀಗೆ ಸಿಕ್ಕಿಬಿದ್ದವರಿದ್ದಾರೆ.

‘ಎಎಸ್‌ಎಂ’ ಅಥವಾ ‘ಜಿಎಸ್‌ಎಂ’ ಎಂಬ ಎಚ್ಚರಿಕೆ ಕಂಡರೆ ಅದು ಎಕ್ಸ್‌ಚೇಂಜಿನ ನಿಗಾ ಪಟ್ಟಿಯಲ್ಲಿದೆ ಎಂದು ತಿಳಿಯಿರಿ. ಮೊದಲ ಷೇರು ಇಂಥದ್ದು ಖಂಡಿತ ಬೇಡ.

## 5. ಆರ್ಡರ್ ಹಾಕುವುದು

ಜಾಸ್ತಿ ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನಕ್ಕೆ ಹೋಗೋಣ. ಮಾರುಕಟ್ಟೆ ತೆರೆದಿರುವುದು ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30. ಅದರ ರಜೆಗಳು ಮುಂಬೈ ಲೆಕ್ಕದಲ್ಲಿ. ಮೇ 1ರಂದು ಮಹಾರಾಷ್ಟ್ರ ದಿನಕ್ಕೆ ರಜೆ ಇದೆ, ನವೆಂಬರ್ 1ರ ರಾಜ್ಯೋತ್ಸವಕ್ಕೆ ಇಲ್ಲ. ಮೊದಲ ಆರ್ಡರನ್ನು ಹತ್ತು ಗಂಟೆಯ ಮೇಲೆ ಹಾಕಿ. ಮೊದಲ ಅರ್ಧ ಗಂಟೆ ಬೆಲೆ ಬಹಳ ಕುಣಿಯುತ್ತದೆ.

ಡೆಲಿವರಿಯೋ ಇಂಟ್ರಾಡೇಯೋ. ಪರದೆಯ ಮೇಲೆ ಈ ಎರಡು ಆಯ್ಕೆ ಇರುತ್ತವೆ. ಕೆಲವು ಆ್ಯಪ್‌ಗಳಲ್ಲಿ ಡೆಲಿವರಿಗೆ ‘ಸಿಎನ್‌ಸಿ’, ಇಂಟ್ರಾಡೇಗೆ ‘ಎಂಐಎಸ್’ ಎಂದಿರುತ್ತದೆ. ಇಟ್ಟುಕೊಳ್ಳಲು ಕೊಳ್ಳುವವರು ಡೆಲಿವರಿಯನ್ನೇ ಒತ್ತಬೇಕು. ಇಂಟ್ರಾಡೇ ಎಂದರೆ ಅವತ್ತೇ ಕೊಂಡು ಅವತ್ತೇ ಮಾರುವುದು. ನೀವು ಮಾರದಿದ್ದರೆ ಮಧ್ಯಾಹ್ನ 3.20ರ ಆಸುಪಾಸಿನಲ್ಲಿ ಬ್ರೋಕರ್‌ನ ಕಂಪ್ಯೂಟರೇ ಮಾರಿಬಿಡುತ್ತದೆ, ಲಾಭವಿರಲಿ ನಷ್ಟವಿರಲಿ. ‘ನನ್ನ ಷೇರು ಎಲ್ಲಿ ಹೋಯ್ತು’ ಎನ್ನುವ ಪ್ರಶ್ನೆಯ ಉತ್ತರ ಇದು.

ಇಂಟ್ರಾಡೇಯಲ್ಲಿ ನಿಮ್ಮ ಹಣದ ಐದು ಪಟ್ಟುವರೆಗೂ ಕೊಳ್ಳಲು ಬಿಡುತ್ತಾರೆ. ಹತ್ತು ಸಾವಿರ ಇದ್ದವರಿಗೆ ಐವತ್ತು ಸಾವಿರದ ಷೇರು ಬರುತ್ತದೆ ಎಂದು ಕಂಡಾಗ ಕೈ ತಾನಾಗಿ ಅತ್ತ ಹೋಗುತ್ತದೆ. 2022-23ರಲ್ಲಿ ಷೇರು ಇಂಟ್ರಾಡೇ ಮಾಡಿದ ವೈಯಕ್ತಿಕ ವಹಿವಾಟುದಾರರಲ್ಲಿ ಹತ್ತಕ್ಕೆ ಏಳು ಮಂದಿ ಕಳೆದುಕೊಂಡರು. ಇದೂ ಸೆಬಿಯದ್ದೇ ಲೆಕ್ಕ.

ಇತ್ತೀಚೆಗೆ ಮೂರನೇ ಆಯ್ಕೆಯೂ ಬಂದು ಕೂತಿದೆ, ‘ಎಂಟಿಎಫ್’. ಸ್ವಲ್ಪ ಹಣ ಕೊಟ್ಟರೆ ಉಳಿದದ್ದನ್ನು ಬ್ರೋಕರ್ ಹಾಕುತ್ತಾರೆ. ಅದು ಸಾಲ. ದಿನದ ಲೆಕ್ಕದಲ್ಲಿ ಬಡ್ಡಿ ಬೆಳೆಯುತ್ತದೆ. ಕೆಲವು ಕಡೆ ಅದೇ ಮೊದಲೇ ಆಯ್ಕೆಯಾಗಿ ಬಂದಿರುತ್ತದೆ, ಗಮನಿಸಿ ತೆಗೆಯಿರಿ.

ಮಾರ್ಕೆಟ್ ಆರ್ಡರೋ ಲಿಮಿಟ್ ಆರ್ಡರೋ. ಮಾರ್ಕೆಟ್ ಆರ್ಡರ್ ಎಂದರೆ ಸಂತೆಯಲ್ಲಿ ರೇಟು ಕೇಳದೆ ‘ಐದು ಕೆಜಿ ಹಾಕಿ’ ಅಂದ ಹಾಗೆ. ಸಿಕ್ಕ ಬೆಲೆಗೆ ಕೊಳ್ಳುತ್ತದೆ. ಲಿಮಿಟ್ ಆರ್ಡರ್‌ನಲ್ಲಿ ‘ಇದಕ್ಕಿಂತ ಜಾಸ್ತಿ ಕೊಡಲ್ಲ’ ಎಂದು ನೀವೇ ಗೆರೆ ಹಾಕುತ್ತೀರಿ.

ವ್ಯತ್ಯಾಸ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ವಹಿವಾಟು ಕಡಿಮೆ ಇರುವ ಒಂದು ಸಣ್ಣ ಷೇರು. ಕೊನೆಯ ಬೆಲೆ 82 ರೂಪಾಯಿ. ಬಲಗಡೆ ಮಾರುವವರು: 82.50ಕ್ಕೆ 10 ಷೇರು, 84ಕ್ಕೆ 30 ಷೇರು, 88ಕ್ಕೆ 300 ಷೇರು. ನೀವು 200 ಷೇರಿಗೆ ಮಾರ್ಕೆಟ್ ಆರ್ಡರ್ ಹಾಕುತ್ತೀರಿ. ಮೊದಲ 10, ಆಮೇಲಿನ 30, ಉಳಿದ 160 ಷೇರು 88ಕ್ಕೆ. ಒಟ್ಟು 17,425 ರೂಪಾಯಿ. 82ರ ಲೆಕ್ಕದಲ್ಲಿ ನೀವು ಅಂದುಕೊಂಡಿದ್ದು 16,400. ಒಂದು ಗುಂಡಿಗೆ 1,025 ರೂಪಾಯಿ ಹೋಯಿತು. 82.50ಕ್ಕೆ ಲಿಮಿಟ್ ಹಾಕಿದ್ದರೆ 10 ಷೇರು ಮಾತ್ರ ಬರುತ್ತಿತ್ತು, ಉಳಿದ ಆರ್ಡರ್ ಕಾಯುತ್ತಿತ್ತು. ಸಂಜೆಯವರೆಗೆ ಸಿಗದಿದ್ದರೆ ರದ್ದಾಗುತ್ತಿತ್ತು. ನಷ್ಟವೇನಿಲ್ಲ.

ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಮಾರ್ಕೆಟ್ ಆರ್ಡರ್ ಎಂಬುದೊಂದು ಇದೆ ಎನ್ನುವುದನ್ನೇ ಮರೆತುಬಿಡಿ. ದೊಡ್ಡ ಕಂಪನಿಗಳ ಷೇರಿನಲ್ಲಿ ವ್ಯತ್ಯಾಸ ಪೈಸೆಗಳಲ್ಲಿ ಇರುತ್ತದೆ ನಿಜ. ಆದರೆ ಕೈಗೆ ಒಂದೇ ಅಭ್ಯಾಸ ಇರಲಿ.

ಸ್ಟಾಪ್ ಲಾಸ್. 250ಕ್ಕೆ ಕೊಂಡಿದ್ದೀರಿ. 230ಕ್ಕೆ ಇಳಿದರೆ ಮಾರಿಬಿಡೋಣ ಎಂದುಕೊಂಡು 230ಕ್ಕೆ ಲಿಮಿಟ್ ಮಾರಾಟ ಹಾಕುತ್ತೀರಿ. ಆ ಕ್ಷಣವೇ ಷೇರು ಮಾರಿಹೋಗುತ್ತದೆ, ಅದೂ 250ರ ಆಸುಪಾಸಿನಲ್ಲಿ. ಯಾಕೆಂದರೆ ನೀವು ಎಕ್ಸ್‌ಚೇಂಜಿಗೆ ಹೇಳಿದ್ದು ‘230ಕ್ಕಿಂತ ಕಡಿಮೆಗೆ ಕೊಡಲ್ಲ’ ಎಂದು. 250 ಕೊಡುವವರು ಕಾಯುತ್ತಿದ್ದಾರೆ, ಮಾರಿತು.

ಇದಕ್ಕೆ ಬೇಕಾದ್ದು ಸ್ಟಾಪ್ ಲಾಸ್ ಆರ್ಡರ್, ಆ್ಯಪ್‌ನಲ್ಲಿ ‘ಎಸ್‌ಎಲ್’. ಅದರಲ್ಲಿ ಎರಡು ಬೆಲೆ ತುಂಬಬೇಕು. ಟ್ರಿಗರ್ 230 ಎಂದರೆ ಬೆಲೆ ಅಲ್ಲಿಗೆ ಇಳಿಯುವವರೆಗೆ ಆರ್ಡರ್ ಮಲಗಿರುತ್ತದೆ. ಲಿಮಿಟ್ 228 ಎಂದರೆ ಎದ್ದ ಮೇಲೆ 228ಕ್ಕಿಂತ ಕಡಿಮೆಗೆ ಮಾರುವುದಿಲ್ಲ. ಕೆಟ್ಟ ಸುದ್ದಿ ಬಂದು ಷೇರು ಒಂದೇ ಏಟಿಗೆ 220ಕ್ಕೆ ಬಿದ್ದರೆ ಈ ಆರ್ಡರ್ ಮಾರದೆ ಹಾಗೇ ನಿಲ್ಲುತ್ತದೆ, ಅದೂ ಗೊತ್ತಿರಲಿ. ಜೊತೆಗೆ, ಎಸ್‌ಎಲ್ ಆರ್ಡರ್ ಆ ದಿನಕ್ಕೆ ಮಾತ್ರ. ತಿಂಗಳುಗಟ್ಟಲೆ ಇರಬೇಕೆಂದರೆ ಬ್ರೋಕರ್ ಕೊಡುವ ‘ಜಿಟಿಟಿ’ ಸೌಲಭ್ಯ ಬಳಸಿ.

ಒತ್ತುವ ಮೊದಲು. ಬಾಯಿಬಿಟ್ಟು ಓದಿ: ಕೊಳ್ಳುವುದಾ ಮಾರುವುದಾ, ಯಾವ ಕಂಪನಿ, ಎಷ್ಟು ಷೇರು, ಯಾವ ಬೆಲೆ, ಡೆಲಿವರಿ, ಲಿಮಿಟ್. ಬೆಲೆಯ ಜಾಗದಲ್ಲಿ ಸಂಖ್ಯೆ, ಸಂಖ್ಯೆಯ ಜಾಗದಲ್ಲಿ ಬೆಲೆ ತುಂಬಿದವರು ಕಡಿಮೆಯೇನಿಲ್ಲ.

ಮೊದಲ ಸುತ್ತಿನಲ್ಲಿ ಒಂದೇ ಒಂದು ಷೇರು ಕೊಳ್ಳಿ. ದಿನವೂ ಲಕ್ಷಗಟ್ಟಲೆ ಕೈ ಬದಲಾಗುವ, ಬೆಲೆ ನೂರಿನ್ನೂರರ ಒಳಗಿರುವ ಯಾವುದಾದರೂ ದೊಡ್ಡ ಕಂಪನಿಯದು. ಅದನ್ನು ಕೊಂಡು, ಮುಂದಿನ ಎರಡು ಹಂತ ಪೂರ್ತಿ ನೋಡಿ, ಮಾರಿ, ದುಡ್ಡು ಬ್ಯಾಂಕಿಗೆ ಬಂದ ಮೇಲೆಯೇ ದೊಡ್ಡ ಮೊತ್ತಕ್ಕೆ ಹೋಗಿ. ಶುಲ್ಕ ಕಳೆದರೆ ಇದರಲ್ಲಿ ನಷ್ಟವಾಗುವುದು ಖಚಿತ. ಮೂವತ್ತು ನಲವತ್ತು ರೂಪಾಯಿಗೆ ಇಡೀ ದಾರಿ ಗೊತ್ತಾಗುತ್ತದೆ, ಅಗ್ಗವೇ ಅಲ್ವಾ?

## 6. ಕೊಂಡ ಮೇಲೆ ತಾಳೆ ನೋಡುವುದು

‘ಆರ್ಡರ್ ಪ್ಲೇಸ್ಡ್’ ಎಂದರೆ ಆರ್ಡರ್ ಹೋಗಿದೆ ಅಷ್ಟೇ, ಷೇರು ಬಂದಿಲ್ಲ. ‘ಓಪನ್’ ಎಂದಿದ್ದರೆ ಕಾಯುತ್ತಿದೆ. ‘ಎಕ್ಸಿಕ್ಯೂಟೆಡ್’ ಅಥವಾ ‘ಕಂಪ್ಲೀಟ್’ ಬರಬೇಕು. ‘ರಿಜೆಕ್ಟೆಡ್’ ಆದರೆ ಅಲ್ಲೇ ಕಾರಣ ಬರೆದಿರುತ್ತದೆ, ಓದಿ. ಓದದೆ ಮತ್ತೆ ಮತ್ತೆ ಒತ್ತಿದರೆ ಒಂದರ ಬದಲು ಮೂರು ಆರ್ಡರ್ ಹೋಗಬಹುದು.

ಸಾಮಾನ್ಯವಾಗಿ ಅವತ್ತೇ ರಾತ್ರಿಯೊಳಗೆ ಕಾಂಟ್ರಾಕ್ಟ್ ನೋಟ್ ಇಮೇಲ್‌ಗೆ ಬರುತ್ತದೆ. ಹೆಚ್ಚಾಗಿ ಪ್ಯಾನ್ ಸಂಖ್ಯೆಯೇ ಅದರ ಪಾಸ್‌ವರ್ಡ್. ಕಾನೂನಿನ ಕಣ್ಣಿಗೆ ನಿಮ್ಮ ವಹಿವಾಟಿನ ದಾಖಲೆ ಇದು, ಆ್ಯಪ್‌ನ ಸ್ಕ್ರೀನ್‌ಶಾಟ್ ಅಲ್ಲ. ಸಂಖ್ಯೆ, ಬೆಲೆ, ಶುಲ್ಕ ನೋಡಿ. ನೀವು ಮಾಡದ ವಹಿವಾಟು ಅದರಲ್ಲಿ ಕಂಡರೆ ಅವತ್ತೇ ಬರಹದಲ್ಲಿ ಬ್ರೋಕರ್‌ಗೆ ತಿಳಿಸಿ.

ಷೇರು ಡಿಮ್ಯಾಟ್‌ಗೆ ಬರುವುದು ಮರುದಿನ. 2023ರ ಜನವರಿ 27ರಿಂದ ಎಲ್ಲಾ ಷೇರುಗಳಿಗೂ ‘ಟಿ ಪ್ಲಸ್ ಒನ್’ ಲೆಕ್ಕ, ಅಂದರೆ ಕೊಂಡ ದಿನದ ನಂತರದ ಒಂದು ಕೆಲಸದ ದಿನ. ಸೋಮವಾರ ಕೊಂಡರೆ ಮಂಗಳವಾರ, ಶುಕ್ರವಾರ ಕೊಂಡರೆ ಸೋಮವಾರ. ಆ ದಿನ ಸಂಜೆ ಈಸಿ ಅಥವಾ ಐಡಿಯಾಸ್‌ನಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಷೇರು ಕಂಡರೆ ಮಾತ್ರ ಅದು ನಿಮ್ಮದು. ಎರಡು ದಿನ ಕಳೆದರೂ ಕಾಣದಿದ್ದರೆ ಸುಮ್ನೆ ಕೂರಬೇಡಿ, ಬ್ರೋಕರ್‌ಗೆ ಬರೆಯಿರಿ. ಆಮೇಲೆ ತಿಂಗಳು ಮುಗಿದ ಮೇಲೆ ಡಿಪಾಸಿಟರಿಯಿಂದ ಒಟ್ಟು ಹೂಡಿಕೆಗಳ ಒಂದು ಸ್ಟೇಟ್‌ಮೆಂಟ್ ಬರುತ್ತದೆ. ಅದನ್ನು ತೆರೆಯದೆ ಅಳಿಸಬೇಡಿ.

## 7. ಮಾರುವುದು

ನಿಮ್ಮಲ್ಲಿರುವ ಷೇರುಗಳನ್ನು ತೋರಿಸುವ ಹೋಲ್ಡಿಂಗ್ಸ್ ಪುಟದಿಂದಲೇ ಮಾರಿ. ಹುಡುಕಾಟದಿಂದ ಷೇರು ತೆರೆದು ‘ಸೆಲ್’ ಒತ್ತಿದರೆ ಇಂಟ್ರಾಡೇ ಆಯ್ಕೆಯಲ್ಲಿ ಮಾರಿಬಿಡುವ ಅಪಾಯ ಇದೆ. ಆಗ ನಿಮ್ಮ ಷೇರು ಹಾಗೇ ಇರುತ್ತದೆ, ಇಲ್ಲದ ಷೇರನ್ನು ಮಾರಿದಂತಾಗಿ 3.20ಕ್ಕೆ ಮತ್ತೆ ಕೊಳ್ಳಬೇಕಾಗುತ್ತದೆ.

ಡಿಡಿಪಿಐ ಕೊಡದವರಿಗೆ ಮಾರುವ ಮುನ್ನ ಡಿಪಾಸಿಟರಿಯ ಪುಟ ತೆರೆದುಕೊಳ್ಳುತ್ತದೆ. ಸಿಡಿಎಸ್‌ಎಲ್ ಆದರೆ ಟಿಪಿನ್ ಎಂಬ ಆರು ಅಂಕಿಯ ಗುಪ್ತಸಂಖ್ಯೆ ಹಾಕಿ, ಆಮೇಲೆ ಮೊಬೈಲಿಗೆ ಬರುವ ಒಟಿಪಿ ಹಾಕಬೇಕು. ಟಿಪಿನ್ ಮರೆತಿದ್ದರೆ ಅಲ್ಲೇ ಹೊಸದನ್ನು ಪಡೆಯಬಹುದು. ಇದನ್ನು ಬೆಲೆ ಬೀಳುತ್ತಿರುವ ದಿನ ಮೊದಲ ಸಲ ಮಾಡಲು ಹೋಗಿ ತಡಬಡಾಯಿಸುತ್ತಾರೆ. ಒಂದು ಷೇರಿನ ಸುತ್ತಿನಲ್ಲೇ ಕಲಿತಿದ್ದರೆ ಆ ಗಾಬರಿ ಇರುವುದಿಲ್ಲ.

ಕೊಂಡ ಮರುದಿನ ಬೆಳಿಗ್ಗೆಯೇ, ಷೇರು ಇನ್ನೂ ಡಿಮ್ಯಾಟ್‌ಗೆ ಬರುವ ಮೊದಲೇ ಮಾರಲು ಕೆಲವು ಬ್ರೋಕರ್‌ಗಳು ಬಿಡುತ್ತಾರೆ. ನಿಮಗೆ ಮಾರಿದವರು ಷೇರು ಕೊಡದಿದ್ದರೆ ನೀವೂ ಕೊಡಲಾಗುವುದಿಲ್ಲ. ಆಗ ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಂಡು ವ್ಯತ್ಯಾಸವನ್ನು ದಂಡವಾಗಿ ಹಾಕುತ್ತದೆ. ಅದು ದುಬಾರಿ. ಒಂದು ದಿನ ಕಾಯಿರಿ.

ಮಾರಿದ ಹಣ ಆ್ಯಪ್‌ನಲ್ಲಿ ತಕ್ಷಣ ಕಾಣಬಹುದು. ಆದರೆ ಬ್ಯಾಂಕಿಗೆ ಕಳಿಸಲು ಮರುದಿನದವರೆಗೆ ಕಾಯಬೇಕು. ಇದೂ ಟಿ ಪ್ಲಸ್ ಒನ್ ಲೆಕ್ಕವೇ. ಮಗಳ ಕಾಲೇಜು ಫೀಸಿಗೆ ಶುಕ್ರವಾರ ಕೊನೆ ದಿನ ಎಂದಿದ್ದರೆ ಗುರುವಾರ ಮಾರುವುದಲ್ಲ, ಸೋಮವಾರವೇ ಮಾರಿ.

## 8. ಶುಲ್ಕದ ಲೆಕ್ಕ

250 ರೂಪಾಯಿಯ 40 ಷೇರು ಡೆಲಿವರಿಯಲ್ಲಿ ಕೊಂಡಿದ್ದೀರಿ, 10,000 ರೂಪಾಯಿ. ಬ್ರೋಕರೇಜ್ 20 ರೂಪಾಯಿ ಎಂದಿಟ್ಟುಕೊಳ್ಳಿ. ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ, ಶೇ 0.1, ಅಂದರೆ 10 ರೂಪಾಯಿ. ಸ್ಟಾಂಪ್ ಶುಲ್ಕ ಶೇ 0.015, ಒಂದೂವರೆ ರೂಪಾಯಿ. ಎಕ್ಸ್‌ಚೇಂಜ್ ಶುಲ್ಕ ಕೆಲವು ಪೈಸೆ. ಬ್ರೋಕರೇಜ್ ಮತ್ತು ಎಕ್ಸ್‌ಚೇಂಜ್ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಸುಮಾರು 35 ರೂಪಾಯಿ.

255ಕ್ಕೆ ಮಾರಿದಾಗ ಮತ್ತೆ ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ. ಸ್ಟಾಂಪ್ ಇಲ್ಲ, ಅದರ ಬದಲು ಡಿಪಿ ಶುಲ್ಕ ಬರುತ್ತದೆ. 15 ರೂಪಾಯಿ ಎಂದಿಟ್ಟುಕೊಂಡರೆ ಜಿಎಸ್‌ಟಿ ಸೇರಿ ಒಟ್ಟು ಸುಮಾರು 52 ರೂಪಾಯಿ. ಆ್ಯಪ್ ತೋರಿಸಿದ ಲಾಭ 200. ಕೈಗೆ ಬಂದದ್ದು 113. ಅದರ ಮೇಲೆ ತೆರಿಗೆ ಬೇರೆ.

ಡಿಪಿ ಶುಲ್ಕ ಒಂದು ಕಂಪನಿಗೆ ದಿನಕ್ಕೆ ಒಂದು ಸಲ ಬೀಳುತ್ತದೆ, ಎಷ್ಟು ಷೇರು ಮಾರಿದರೂ ಅಷ್ಟೇ. 40 ಷೇರನ್ನು ನಾಲ್ಕು ದಿನ ಹತ್ತತ್ತರಂತೆ ಮಾರಿದರೆ ನಾಲ್ಕು ಸಲ ಕೊಡುತ್ತೀರಿ. ಸಣ್ಣ ಮೊತ್ತದವರು ಪದೇ ಪದೇ ಕೊಂಡು ಮಾರುವುದರಿಂದ ಗೆಲ್ಲುವುದು ಕಷ್ಟ ಅನ್ನುವುದಕ್ಕೆ ಇದಕ್ಕಿಂತ ಬೇರೆ ವಾದ ಬೇಡ.

## 9. ಡಿವಿಡೆಂಡ್, ಬೋನಸ್

ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು ಡಿವಿಡೆಂಡ್. ಅದು ಬೇಕಾದರೆ ಕಂಪನಿಯ ಪ್ರಕಟಣೆಯಲ್ಲಿ ಹೇಳಿರುವ ಎಕ್ಸ್ ದಿನಕ್ಕಿಂತ ಒಂದು ವಹಿವಾಟು ದಿನವಾದರೂ ಮೊದಲೇ ಕೊಂಡಿರಬೇಕು. ಎಕ್ಸ್ ದಿನದಂದೇ ಕೊಂಡವರಿಗೆ ಸಿಗುವುದಿಲ್ಲ. ಡಿವಿಡೆಂಡ್‌ಗಾಗಿಯೇ ಓಡುವುದರಲ್ಲೂ ಅರ್ಥವಿಲ್ಲ, ಆ ದಿನ ಷೇರಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಒಂದಕ್ಕೆ ಒಂದು ಬೋನಸ್, ಅಂದರೆ ಇರುವ ಪ್ರತಿ ಷೇರಿಗೆ ಇನ್ನೊಂದು ಷೇರು ಪುಕ್ಕಟೆ, ಬಂದಾಗ ಎಕ್ಸ್ ದಿನ ಬೆಲೆ ಅರ್ಧವಾಗುತ್ತದೆ. ಬೋನಸ್ ಷೇರು ಖಾತೆಗೆ ಬರಲು ಒಂದೆರಡು ದಿನ ಹಿಡಿಯುತ್ತದೆ. ಈ ಮಧ್ಯದಲ್ಲಿ ಆ್ಯಪ್ ತೆರೆದರೆ ಅರ್ಧ ಹಣ ಹೋದಂತೆ ಕೆಂಪಗೆ ಕಾಣುತ್ತದೆ. ಗಾಬರಿಯಿಂದ ಮಾರುವ ಮೊದಲು ಎಕ್ಸ್‌ಚೇಂಜಿನ ವೆಬ್‌ಸೈಟಿನಲ್ಲಿ ಆ ಕಂಪನಿಯ ಪ್ರಕಟಣೆ ನೋಡಿ.

## 10. ತೆರಿಗೆ

ಕೊಂಡು ಹನ್ನೆರಡು ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ 20. ಹನ್ನೆರಡು ತಿಂಗಳು ದಾಟಿ ಮಾರಿದರೆ ಶೇ 12.5, ಅದೂ ಒಂದು ಹಣಕಾಸು ವರ್ಷದಲ್ಲಿ ಇಂಥ ಲಾಭ 1.25 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ. 2024ರ ಜುಲೈ 23ರಿಂದ ಈ ದರಗಳು ಬಂದಿವೆ. ಹನ್ನೊಂದೂವರೆ ತಿಂಗಳಿಗೆ ಮಾರಲು ಹೊರಟವರು ಕ್ಯಾಲೆಂಡರ್ ನೋಡಿ.

ಒಂದೇ ಷೇರನ್ನು ಬೇರೆ ಬೇರೆ ದಿನ ಕೊಂಡಿದ್ದರೆ ಮೊದಲು ಕೊಂಡದ್ದು ಮೊದಲು ಮಾರಿದಂತೆ ಲೆಕ್ಕ. ಆ್ಯಪ್ ತೋರಿಸುವ ಸರಾಸರಿ ಬೆಲೆಯನ್ನು ತೆರಿಗೆಗೆ ಬಳಸಬೇಡಿ, ಬ್ರೋಕರ್‌ನ ಟ್ಯಾಕ್ಸ್ ವರದಿ ಇಳಿಸಿಕೊಳ್ಳಿ. ಇಂಟ್ರಾಡೇ ಲಾಭ ಬೇರೆಯದೇ, ಅದನ್ನು ವ್ಯಾಪಾರದ ಆದಾಯ ಎಂದು ತೋರಿಸಬೇಕು. ರಿಟರ್ನ್ ಫಾರಂ ಕೂಡ ಬದಲಾಗುತ್ತದೆ.

ನಷ್ಟವಾದ ಹಲವರು ರಿಟರ್ನ್ ಸಲ್ಲಿಸುವುದೇ ಇಲ್ಲ. ಇದು ಕೈಯಾರೆ ಕಳೆದುಕೊಳ್ಳುವುದು. ಗಡುವಿನೊಳಗೆ ಸಲ್ಲಿಸಿದರೆ ಷೇರು ಮಾರಿದ ನಷ್ಟವನ್ನು ಮುಂದಿನ ಎಂಟು ವರ್ಷದವರೆಗೆ ಹೊತ್ತುಕೊಂಡು ಹೋಗಿ, ಮುಂದಿನ ಲಾಭದಿಂದ ಕಳೆಯಬಹುದು. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭಕ್ಕೆ ಹೊಂದಿಸಬಹುದು, ದೀರ್ಘಾವಧಿಯದನ್ನು ದೀರ್ಘಾವಧಿ ಲಾಭಕ್ಕೆ ಮಾತ್ರ.

ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರುತ್ತದೆ. 2025ರ ಏಪ್ರಿಲ್‌ನಿಂದ, ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ ಹಿಡಿದೇ ಕೊಡುತ್ತಾರೆ.

## 11. ಇವು ಕಂಡರೆ ನಿಲ್ಲಿಸಿ

ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿಗೆ ನಿಮ್ಮನ್ನು ಯಾರೋ ಸೇರಿಸುತ್ತಾರೆ. ದಿನವೂ ಲಾಭದ ಸ್ಕ್ರೀನ್‌ಶಾಟ್‌ಗಳು. ಒಂದು ಲಿಂಕ್‌ನಿಂದ ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾರೆ. ಹಣ ಹಾಕುವುದು ಯಾವುದೋ ವ್ಯಕ್ತಿಯ ಅಥವಾ ಗೊತ್ತಿಲ್ಲದ ಟ್ರೇಡರ್ಸ್ ಹೆಸರಿನ ಖಾತೆಗೆ. ಆ್ಯಪ್‌ನಲ್ಲಿ ಲಾಭ ಏರುತ್ತಲೇ ಹೋಗುತ್ತದೆ. ವಾಪಸ್ ತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಅಲ್ಲಿ ಷೇರೇ ಇಲ್ಲ, ಬರೀ ಅಂಕಿಗಳು. ಡಿಪಾಸಿಟರಿಯ ಲಾಗಿನ್‌ನಲ್ಲಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನೆನಪಿಡಿ, ಯಾವ ಅಸಲಿ ಬ್ರೋಕರ್ ಕೂಡ ಹಣ ಹಿಂದೆ ಪಡೆಯಲು ತೆರಿಗೆ ಕೇಳುವುದಿಲ್ಲ.

ಇನ್ನೊಂದು ಗುರುತು, ‘ನಿಮ್ಮ ಲಾಗಿನ್ ಕೊಡಿ, ನಾವು ಟ್ರೇಡ್ ಮಾಡಿ ಲಾಭ ಹಂಚಿಕೊಳ್ಳೋಣ’ ಎನ್ನುವವರು. ತಿಂಗಳಿಗೆ ಇಷ್ಟು ಗ್ಯಾರಂಟಿ ಎನ್ನುವವರೂ ಅದೇ ಸಾಲಿನವರು. ಷೇರಿನ ಸಲಹೆಗೆ ದುಡ್ಡು ಪಡೆಯುವವರು ಸೆಬಿಯಲ್ಲಿ ನೋಂದಣಿ ಮಾಡಿಸಿರಬೇಕು. ಸಂಶೋಧನಾ ವಿಶ್ಲೇಷಕರ ಸಂಖ್ಯೆ ‘ಐಎನ್‌ಎಚ್’, ಹೂಡಿಕೆ ಸಲಹೆಗಾರರದ್ದು ‘ಐಎನ್‌ಎ’ ಎಂದು ಶುರುವಾಗುತ್ತದೆ. ನೋಂದಣಿ ಇದ್ದವರೂ ಲಾಭದ ಭರವಸೆ ಕೊಡುವಂತಿಲ್ಲ.

ಬ್ರೋಕರ್ ಜೊತೆ ತಕರಾರು ಬಂದರೆ ಮೊದಲು ಅವರಿಗೇ ಇಮೇಲ್‌ನಲ್ಲಿ ದೂರು ಕೊಡಿ, ಕಾಂಟ್ರಾಕ್ಟ್ ನೋಟ್ ಜೋಡಿಸಿ. ಸರಿಹೋಗದಿದ್ದರೆ ಸೆಬಿಯ ‘ಸ್ಕೋರ್ಸ್’ ಪೋರ್ಟಲ್. ಅಲ್ಲಿ ದೂರು ಹಾಕಿದರೆ ಸಂಸ್ಥೆ 21 ದಿನದೊಳಗೆ ಉತ್ತರ ಕೊಡಬೇಕು. ಘಟನೆ ನಡೆದು ಒಂದು ವರ್ಷದೊಳಗೆ ದೂರು ಹಾಕಿರಬೇಕು. ಅದಕ್ಕೂ ತೃಪ್ತಿಯಾಗದಿದ್ದರೆ ‘ಸ್ಮಾರ್ಟ್ ಒಡಿಆರ್’ ಮೂಲಕ ಆನ್‌ಲೈನ್ ಸಂಧಾನ, ಆಮೇಲೆ ಮಧ್ಯಸ್ಥಿಕೆ.

ನಕಲಿ ಆ್ಯಪ್‌ಗೆ ಹಣ ಹೋಗಿದ್ದರೆ ಈ ದಾರಿಯಲ್ಲಿ ಹೋಗಿ ಸಮಯ ಕಳೆಯಬೇಡಿ, ಅವರು ಸೆಬಿಯ ಪಟ್ಟಿಯಲ್ಲೇ ಇರುವುದಿಲ್ಲ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಕಳಿಸಿದ ವಹಿವಾಟಿನ ಗುರುತಿನ ಸಂಖ್ಯೆ (ಯುಟಿಆರ್) ಕೊಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಅವಕಾಶ ಜಾಸ್ತಿ. ಬ್ಯಾಂಕಿಗೂ ಆಗಲೇ ತಿಳಿಸಿ.